ಕೊಡಿಗೇಹಳ್ಳಿಯ ಕೊಡಿಗೆ

ಯಶವಂತಪುರದಿಂದ ಯಲಹಂಕದ ಕಡೆಗೆ ಹೊರಡುವ ರೈಲುಗಾಡಿಗಳಲ್ಲಿ ಕೆಲವು ಮಾತ್ರ ಕೊಡಿಗೇಹಳ್ಳಿಯಲ್ಲಿ ನಿಲ್ಲುತ್ತವೆ. ನಿಂತರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಲೊಟ್ಟೆಗೊಲ್ಲಹಳ್ಳಿ ದಾಟಿದೊಡನೆಯೇ ಬಾಗಿಲ ಬಳಿ ಬಂದು ಸಿದ್ಧನಾಗಿ ನಿಲ್ಲದ ಪ್ರಯಾಣಿಕ ಯಲಹಂಕವನ್ನು ನೋಡಿ ಬರಬೇಕಾಗುತ್ತದೆ. ಒಮ್ಮೆ ಹಾಗೆ ಆಗಿದ್ದುದರಿಂದ ಈ ಸಲ ನಾನು ಎಚ್ಚರವಾಗಿದ್ದೆ.

ಕಳೆದ ಡಿಸೆಂಬರ್ 7ನೆಯ ತಾರೀಖಿನ ಬೆಳಗ್ಗೆ ಅಲ್ಲಿ ಇಳಿದಾಗ ನನ್ನ ಅಂಗಿಯ ಜೇಬಿನ ಮೇಲೆ ಕಾಗದದ ಚಿಕ್ಕ ಬಾವುಟವೊಂದು ಇತ್ತು. ಕೆಂಪು, ಕಡುನೀಲಿ, ತಿಳಿನೀಲಿ ಎಂಬ ಮೂರು ಬಣ್ಣಗಳು ಭೂಸೇನೆ, ನೌಕಾದಳ, ವಾಯುದಳಗಳಿಗೆ ಸಲ್ಲುತ್ತವೆ. 1949ರಿಂದ ಈ ದಿನವನ್ನು ಸಶಸ್ತ್ರ ಪಡೆಗಳ ಧ್ವಜ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಅಂದು ಕೂಡಿಬಂದ ಹಣ ಮಡಿದವರ ಪತ್ನಿಯರಿಗೆ, ಅಂಗವಿಕಲರಾದ ಯೋಧರಿಗೆ, ಮಾಜಿ ಸೈನಿಕರ ಮಕ್ಕಳಿಗೆ ನೆರವಾಗಬೇಕೆಂಬುದು ಉದ್ದೇಶ. ನಿಲ್ದಾಣದ ಹೊರಗೆ ಡಬ್ಬಿ ಹಿಡಿದು ನಿಂತಿದ್ದ ಶಾಲಾಬಾಲಕಿಯೊಬ್ಬಳಿಗೆ ನಾನು ಹತ್ತು ರೂಪಾಯಿ ಕೊಟ್ಟಿದ್ದೆ. ಅವಳು ಬಹಳ ಗಂಭೀರಳಾಗಿ ಗುಂಡುಸೂಜಿಯಿಂದ ಬಾವುಟವನ್ನು ಚುಚ್ಚಿದ್ದಳು. ದಾರಿಯುದ್ದಕ್ಕೂ, ನಿಜ ಹೇಳಬೇಕೆಂದರೆ, ನನ್ನ ಎದೆ ಒಂದಂಗುಲ ಉಬ್ಬಿಯೇ ಇತ್ತು.

ನಾನು ನೋಡಲು ಹೋದ ಮಿತ್ರರು ನಿವೃತ್ತ ಸುಬೇದಾರರು. ಇಪ್ಪತ್ತೆಂಟು ವರ್ಷ ಸೇನೆಯಲ್ಲಿ ದುಡಿದು, ಉಳಿತಾಯದ ಹಣದಲ್ಲಿ ಇಲ್ಲಿ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು, ಮನೆಯ ಮುಂದೆ ಒಂದು ನುಗ್ಗೆ ಮರ, ಎರಡು ದಾಸವಾಳದ ಗಿಡಗಳೊಡನೆ ಶಾಂತಿಯಿಂದ ಇದ್ದಾರೆ. ಬಾಗಿಲಲ್ಲೇ ಅವರ ದೃಷ್ಟಿ ನನ್ನ ಜೇಬಿನ ಮೇಲೆ ಬಿತ್ತು.

"ಎಷ್ಟು ಕೊಟ್ಟಿರಿ?" ಎಂದು ಕೇಳಿದರು.

"ಹತ್ತು ರೂಪಾಯಿ."

"ಪರವಾಗಿಲ್ಲ, ಒಳಗೆ ಬನ್ನಿ," ಎಂದು ನಕ್ಕರು. ಆ ನಗೆಯಲ್ಲಿ ಕಹಿಯೇನೂ ಇರಲಿಲ್ಲ. ಆದರೂ ಬಾವುಟ ಆ ಕ್ಷಣದಿಂದ ಕೊಂಚ ಭಾರವಾದಂತೆ ನನಗೆ ತೋರಿತು.

ಊರು ಮತ್ತು ಆಕಾಶ

ಕೊಡಿಗೇಹಳ್ಳಿಯನ್ನು ಈಗ ಹಳ್ಳಿ ಎಂದು ಕರೆಯುವುದು ಹೆಸರಿನ ಮರ್ಯಾದೆಗೆ ಮಾತ್ರ. ಒಂದು ಕಡೆ ಸಹಕಾರನಗರ, ಇನ್ನೊಂದು ಕಡೆ ತಿಂಡ್ಲು, ನಡುವೆ ಟಾಟಾ ನಗರ, ಕೆನರಾ ಬ್ಯಾಂಕ್ ಬಡಾವಣೆ, ವಿರೂಪಾಕ್ಷಪುರ. ರಾಗಿಯ ಹೊಲಗಳಿದ್ದ ನೆಲದ ಮೇಲೆ ಮಹಡಿ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. 2007ರಲ್ಲಿ ಈ ಪ್ರದೇಶವೆಲ್ಲ ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಸೇರಿತು. ಆದರೂ ಹಳೆಯ ಊರಿನ ಓಣಿಗಳಲ್ಲಿ ನಡೆದರೆ ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುವ ಅಜ್ಜಿಯರು ಇನ್ನೂ ಕಾಣುತ್ತಾರೆ.

ಈ ಊರಿನವರಿಗೆ ಆಕಾಶದ ಕಡೆ ನೋಡುವ ಅಭ್ಯಾಸ ಹೆಚ್ಚು. ಉತ್ತರಕ್ಕೆ ಯಲಹಂಕದಲ್ಲಿ 1963ರಲ್ಲಿ ಸ್ಥಾಪನೆಯಾದ ವಾಯುನೆಲೆ ಇದೆ. 1996ರಿಂದ ಅಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುತ್ತದೆ. ಆ ದಿನಗಳಲ್ಲಿ ತಾರಸಿಗಳೆಲ್ಲ ಜಾತ್ರೆಯ ಬಯಲಾಗುತ್ತವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಹಿರಿಯರು ಕೈಯನ್ನು ಹುಬ್ಬಿಗೆ ಹಿಡಿದು ಮೇಲೆ ನೋಡುತ್ತಾರೆ.

2019ರ ಫೆಬ್ರವರಿಯನ್ನು ನನ್ನ ಮಿತ್ರರು ನೆನಪಿಸಿಕೊಂಡರು. ಆ ತಿಂಗಳ 14ರಂದು ಪುಲ್ವಾಮಾದಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ 40 ಮಂದಿ ಮಡಿದರು. ಅವರಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಎಂಬ ಯುವಕನೂ ಒಬ್ಬ. ಸಂಜೆಗಳಲ್ಲಿ ಊರೂರಿಗೂ ಮೇಣದ ಬತ್ತಿಯ ಮೆರವಣಿಗೆಗಳು ಹೊರಟವು. ಐದು ದಿನಗಳ ಅನಂತರ, 19ರಂದು, ಯಲಹಂಕದಲ್ಲಿ ಪ್ರದರ್ಶನದ ಅಭ್ಯಾಸದ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ಕಳೆದುಕೊಂಡರು. ಇನ್ನಿಬ್ಬರು ವೈಮಾನಿಕರು ಗಾಯಗೊಂಡು ಬದುಕಿದರು.

"ಪ್ರದರ್ಶನ ಎಂದರೆ ನೋಡುವವರಿಗೆ ಹಬ್ಬ. ಮಾಡುವವನಿಗೆ ಅದೂ ಕರ್ತವ್ಯವೇ," ಎಂದರು ಸುಬೇದಾರರು. "ಅಂದು ಈ ಬೀದಿಯಲ್ಲಿ ಹೊಗೆಯನ್ನು ನೋಡಿದವರು ಅನೇಕರು. ಹಿಂದಿನ ಸಂಜೆಗಳಲ್ಲಿ ಮೇಣದ ಬತ್ತಿ ಹಿಡಿದವರೂ ಅವರೇ. ಆದರೆ ಈ ಹೆಸರಿಗೆ ಯಾರೂ ಬತ್ತಿ ಹಚ್ಚಿದ್ದನ್ನು ನಾನು ಕಾಣೆ."

ಬತ್ತಿಯ ಬೆಳಕು ಎಲ್ಲಿಯವರೆಗೆ?

ಹಾಗಾದರೆ ಈ ಬತ್ತಿ, ಬಾವುಟ, ಘೋಷಣೆಗಳೆಲ್ಲ ವ್ಯರ್ಥವೇ? ನಾನು ಈ ಪ್ರಶ್ನೆಯನ್ನು ನೇರವಾಗಿಯೇ ಕೇಳಿದೆ. ಹೌದೆನ್ನುವರೆಂದು ನಿರೀಕ್ಷಿಸಿದ್ದೆ. ಅವರು ಹಾಗೆ ಹೇಳಲಿಲ್ಲ.

ಎತ್ತರದ ಹಿಮದ ಠಾಣ್ಯವೊಂದರಲ್ಲಿದ್ದಾಗ, ಯಾವುದೋ ಊರಿನ ಶಾಲೆಯ ಮಕ್ಕಳು ಕಳುಹಿಸಿದ ರಾಖಿಗಳ ಕಟ್ಟೊಂದು ಅವರ ತುಕಡಿಗೆ ಬಂದಿತ್ತಂತೆ. ಹಬ್ಬ ಕಳೆದು ತಿಂಗಳಾಗಿತ್ತು. ಆದರೂ ಎಲ್ಲರೂ ಕಟ್ಟಿಕೊಂಡರು. ಒಂದರ ಜೊತೆಯಲ್ಲಿ "ಅಣ್ಣ, ನಿಮಗೆ ಅಲ್ಲಿ ಚಳಿಯಾಗುತ್ತದೆಯೇ?" ಎಂಬ ಒಂದೇ ಸಾಲಿನ ಪತ್ರವಿತ್ತು. ಅದನ್ನು ಪಡೆದ ಹುಡುಗ ವರ್ಷವಿಡೀ ಆ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದನಂತೆ.

"ನಮ್ಮನ್ನು ಯಾರೋ ನೆನೆಯುತ್ತಾರೆ ಎಂಬುದು ಅಲ್ಲಿ ಸಣ್ಣ ಸಂಗತಿಯಲ್ಲ," ಎಂದರು ಅವರು. "ಚಿಹ್ನೆಯನ್ನು ನಾನು ಹಳಿಯುವುದಿಲ್ಲ. ಆದರೆ ಅದು ಯಾರಿಗೆ ತಲುಪಿತು ಎಂದು ಕೇಳುತ್ತೇನೆ. ಆ ಮಗುವಿನ ಚೀಟಿ ನಮಗೆ ತಲುಪಿತು. ಚೌಕದಲ್ಲಿ ಹಚ್ಚಿದ ಬತ್ತಿ ಹಚ್ಚಿದವರನ್ನೇ ಬೆಳಗಿಸಿ ಆರಿಹೋಗುತ್ತದೆ."

ನಾನು ಸುಮ್ಮನಾದೆ. ಸುಮ್ಮನಾದುದಕ್ಕೆ ಕಾರಣವಿತ್ತು. ವಾಚಕರ ಮುಂದೆ ಅದನ್ನು ಮರೆಮಾಚುವುದು ಸರಿಯಲ್ಲ.

1999ರಲ್ಲಿ, ಕಾರ್ಗಿಲ್ ಯುದ್ಧದ ದಿನಗಳಲ್ಲಿ, ನಮ್ಮ ಬೀದಿಯ ಹಿಂದಿನ ಬೀದಿಯ ಒಬ್ಬ ತಾಯಿಯ ಮಗ ಗಡಿಯಲ್ಲಿ ಮಡಿದ. ನಾವು ಹತ್ತು ಮಂದಿ ಸೇರಿ ಸಮಿತಿ ಮಾಡಿ, ಚಂದಾ ಎತ್ತಿ, ಚಪ್ಪರ ಹಾಕಿ ಸಭೆ ನಡೆಸಿದೆವು. ಆ ತಾಯಿಯನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದೆವು. ಬಿನ್ನವತ್ತಳೆಯನ್ನು ಬರೆದು ಓದಿದವನು ನಾನೇ. "ಇಂದಿನಿಂದ ನಾವೆಲ್ಲರೂ ನಿಮ್ಮ ಮಕ್ಕಳು" ಎಂಬ ಮಾತು ಅದರಲ್ಲಿತ್ತು. ಸಭೆ ದೊಡ್ಡ ಚಪ್ಪಾಳೆ ತಟ್ಟಿತು. ಮರುವರ್ಷ ಹೂವು ಹಣ್ಣು ಹಿಡಿದು ಒಮ್ಮೆ ಹೋಗಿಬಂದೆವು. ಅನಂತರ ಹೋಗಲಿಲ್ಲ. ಯಾರೂ ಹೋಗಬಾರದೆಂದು ನಿಶ್ಚಯಿಸಿದ್ದಲ್ಲ. ಅಷ್ಟೆ, ಹೋಗಲಿಲ್ಲ.

ಹೆಬ್ಬಾಳದ ಕಿತ್ತಯ್ಯ

ಊಟವಾದ ಮೇಲೆ ಸುಬೇದಾರರು, "ಬನ್ನಿ, ನಮಗಿಂತ ಹಿರಿಯ ಸಿಪಾಯಿಯೊಬ್ಬರನ್ನು ತೋರಿಸುತ್ತೇನೆ," ಎಂದು ಆಟೋರಿಕ್ಷಾ ಹತ್ತಿಸಿದರು. ಬಳ್ಳಾರಿ ರಸ್ತೆಯ ವಾಹನ ಪ್ರವಾಹವನ್ನು ಈಜಿ ನಾವು ಹೆಬ್ಬಾಳದ ಹಳೆಯ ಊರನ್ನು ಸೇರಿದೆವು.

ಅಲ್ಲಿ ಒಂದು ವೀರಗಲ್ಲಿದೆ. 2018ರವರೆಗೆ ಅದು ಮನೆಗಳ ಮಗ್ಗುಲಲ್ಲಿ ಅನಾಥವಾಗಿ ಬಿದ್ದಿತ್ತು. ಓದಿ ನೋಡಿದಾಗ ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲೆಲ್ಲ ಹಳೆಯದೆಂದು ತಿಳಿಯಿತು. ಗಂಗ ದೊರೆ ಶ್ರೀಪುರುಷನ ಕಾಲ, ಅಂದರೆ ಸುಮಾರು ಕ್ರಿ. ಶ. 750. ರಾಷ್ಟ್ರಕೂಟರ ದಂಡು ಈ ನಾಡಿನ ಮೇಲೆ ಬಂದಾಗ ಎದುರಿಸಿ ಸತ್ತ ಕಿತ್ತಯ್ಯ ಎಂಬವನ ಕಲ್ಲು ಅದು. ಆಸಕ್ತ ನಾಗರಿಕರು ಮುಂದೆ ನಿಂತು ಅದಕ್ಕೆ ಗಂಗರ ಶೈಲಿಯ ಮಂಟಪವೊಂದನ್ನು ಕಟ್ಟಿಸಿದ್ದಾರೆ.

ನಾವು ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತೆವು. ಕಿತ್ತಯ್ಯ ದೊರೆಯಲ್ಲ, ಸಾಮಂತನೂ ಅಲ್ಲ. ಊರು ಕಾಯಲು ಹೋದವನು. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅವನ ಹೆಸರನ್ನು ನಾವು ಓದುತ್ತಿದ್ದೆವು. ಚಿಹ್ನೆಯೊಂದು ಇಷ್ಟು ಕಾಲ ಬಾಳಬಲ್ಲುದಾದರೆ ಅದನ್ನು ಬರಿಯ ತೋರಿಕೆ ಎನ್ನಲಾಗದು. ಹಾಗೆಯೇ, ಅದೇ ಚಿಹ್ನೆ ದಾರಿಯ ಪಕ್ಕದ ಬರಿಯ ಬಂಡೆಯಾಗಿಯೂ ಬಿದ್ದಿರಬಲ್ಲದು. ಕಲ್ಲು ಬದಲಾಗಲಿಲ್ಲ, ನೋಡುವವರು ಬದಲಾದರು.

ಆದರೆ ನಮ್ಮ ಹಿರಿಯರು ಕಲ್ಲನ್ನು ನಿಲ್ಲಿಸಿದಷ್ಟಕ್ಕೇ ಕೈತೊಳೆದುಕೊಂಡವರಲ್ಲ. ಶಾಸನಗಳನ್ನು ಓದಿದವರು ಬಲ್ಲರು: ಕಾಳಗದಲ್ಲಿ ಮಡಿದವನ ಮನೆಯವರಿಗೆ ಭೂಮಿ ಕೊಡುವ ಪದ್ಧತಿಯಿತ್ತು. ಅದಕ್ಕೆ 'ನೆತ್ತರುಗೊಡಗೆ' ಎಂದು ಹೆಸರು. ಗೆದ್ದು ಬಂದ ವೀರನಿಗೆ ಕತ್ತಿ ತೊಳೆದು ಕೊಡುವ ದತ್ತಿಗೆ 'ಬಾಳ್ಗಚ್ಚು' ಎಂಬ ಮಾತಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನವನ್ನು ನೋಡಿರಿ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ತನ್ನೊಡೆಯ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಅಲ್ಲಿಗೂ ಮುಗಿಯಲಿಲ್ಲ. ಆ ಸ್ಥಾನದ ಗೊರವನು ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೆ ಪಾಪ ತಗಲುವುದೆಂದು ಅದೇ ಕಲ್ಲಿನ ಮೇಲೆ ಬರೆಸಿದರು.

ಒಂದು ನಾಯಿಯ ನೆನಪಿಗೂ ಮೂರು ಏರ್ಪಾಡು: ನೋಡುವುದಕ್ಕೆ ಕಲ್ಲು, ನಡೆಸುವುದಕ್ಕೆ ಭೂಮಿ, ದಿನವೂ ನೆನೆಯಬೇಕಾದ ಒಬ್ಬ ಮನುಷ್ಯ. ನಮ್ಮ ಬೀದಿಯ ಸಮಿತಿ ಆ ತಾಯಿಗೆ ಕೊಟ್ಟದ್ದು ಕಲ್ಲನ್ನು ಮಾತ್ರ, ಅದೂ ಉಣ್ಣೆಯ ಕಲ್ಲು!

ಆಗ ನನಗೆ ಊರಿನ ಹೆಸರು ನೆನಪಾಯಿತು. ಕೊಡಿಗೆ ಎಂದರೂ ಕೊಡಗೆ ಎಂದರೂ ಒಂದೇ: ಕೊಟ್ಟದ್ದು, ದತ್ತಿ, ಮಾನ್ಯವಾಗಿ ಬಿಟ್ಟ ನೆಲ. ಕರ್ನಾಟಕದಲ್ಲಿ ಈ ಹೆಸರಿನ ಊರುಗಳು ಒಂದೆರಡಲ್ಲ. ದಿನಕ್ಕೆ ಎಷ್ಟು ಸಾವಿರ ಬಾಯಿಗಳು, ಬಸ್ಸಿನ ನಿರ್ವಾಹಕನಿಂದ ಹಿಡಿದು ಅಂಚೆಯವನವರೆಗೆ, ಆ ಮಾತನ್ನು ಅರ್ಥ ನೋಡದೆ ಉಚ್ಚರಿಸುತ್ತವೆ!

ಇಂದಿನ ಕಲ್ಲು, ಇಂದಿನ ಕೊಡಿಗೆ

ಕಲ್ಲು ನಿಲ್ಲಿಸುವುದನ್ನು ನಾವು ಇಂದಿಗೂ ಬಿಟ್ಟಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಂಡಿನಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಸ್ಮಾರಕ ಜೆ. ಸಿ. ನಗರದಲ್ಲಿದೆ. ನೆಹರೂ ತಾರಾಲಯದ ಸಮೀಪ ರಾಷ್ಟ್ರೀಯ ಸೈನಿಕ ಸ್ಮಾರಕವಿದೆ. ಅಲ್ಲಿನ ಏಕಶಿಲೆಯ ಬೃಹತ್ ವೀರಗಲ್ಲನ್ನು ದೇವನಹಳ್ಳಿಯ ಕಡೆಯ ಕೊಯಿರಾದಿಂದ, ಅನೇಕ ಚಕ್ರಗಳ ಗಾಡಿಯ ಮೇಲೆ, ಬಹಳ ಪ್ರಯಾಸದಿಂದ ತಂದರು. ಯಲಹಂಕದಲ್ಲಿ ಒಂದು ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ಒತ್ತೆಯಾಳುಗಳನ್ನು ಬಿಡಿಸುವ ಕಾರ್ಯದಲ್ಲಿ ಮಡಿದ ಬೆಂಗಳೂರಿನ ಯೋಧ ಅವರು.

ಕೊಡಿಗೆಯೂ ಇಲ್ಲದಿಲ್ಲ. ಕರ್ನಲ್ ವಸಂತ್ ವೇಣುಗೋಪಾಲ್ ಬೆಂಗಳೂರಿನವರು. 2007ರ ಜುಲೈ 31ರಂದು ಕಾಶ್ಮೀರದ ಉರಿಯಲ್ಲಿ ವೀರಮರಣ ಹೊಂದಿದರು. ಅವರಿಗೆ ಅಶೋಕ ಚಕ್ರ ಸಂದಿತು. ಅವರ ಪತ್ನಿ ಸುಭಾಷಿಣಿ ವಸಂತ್ ಪದಕವನ್ನು ಗೋಡೆಗೆ ತೂಗುಹಾಕಿ ಸುಮ್ಮನೆ ಕೂರಲಿಲ್ಲ. ಮಡಿದ ಸಿಪಾಯಿಗಳ ಪತ್ನಿಯರಿಗೂ ಮಕ್ಕಳಿಗೂ ಆಸರೆಯಾಗಲೆಂದು ವಸಂತರತ್ನ ಪ್ರತಿಷ್ಠಾನವನ್ನು ಕಟ್ಟಿದರು. ಕಳೆದುಕೊಂಡವರೇ ಕೊಡುವವರಾದರು. ಶಾಲು ಹೊದಿಸಿದ ನಮ್ಮಂಥವರು ಇದನ್ನು ಓದಿ ತಲೆ ತಗ್ಗಿಸಬೇಕು.

ಸಂಜೆ ಸುಬೇದಾರರು ನನ್ನನ್ನು ನಿಲ್ದಾಣದವರೆಗೆ ಬಿಟ್ಟುಹೋದರು. ನಾನು ಜೇಬಿನ ಬಾವುಟವನ್ನು ತೆಗೆಯಬೇಕೆಂದು ಕೈಯಿಟ್ಟದ್ದನ್ನು ನೋಡಿ, "ಇರಲಿ ಬಿಡಿ, ಮನೆ ಮುಟ್ಟುವವರೆಗಾದರೂ," ಎಂದರು.

ನಾನು ನೇರವಾಗಿ ಮನೆಗೆ ಹೋಗಲಿಲ್ಲ. ಹಿಂದಿನ ಬೀದಿಗೆ ಹೋದೆ. ಬಾಗಿಲು ತೆರೆದ ವೃದ್ಧೆ ಬಹಳ ಹೊತ್ತು ನನ್ನ ಮುಖವನ್ನೂ ಬಾವುಟವನ್ನೂ ನೋಡಿ, "ಚಂದಾ ಆಗಲೇ ಕೊಟ್ಟೆನಲ್ಲಪ್ಪ," ಎಂದರು.

ಚಂದಾ ಕೇಳಲು ಬಂದವನಲ್ಲವೆಂದು ಹೇಳಿ ಪರಿಚಯ ಮಾಡಿಕೊಂಡೆ. ಅವರು ಬೇಸರ ತೋರಿಸಲಿಲ್ಲ. ಕಾಫಿ ಮಾಡಿಕೊಟ್ಟರು. ಮಗನ ಭಾವಚಿತ್ರದ ಕೆಳಗೆ ನಾನು ಬರೆದ ಬಿನ್ನವತ್ತಳೆ ಕಟ್ಟುಹಾಕಿದಂತೆಯೇ ಇತ್ತು. ಅಕ್ಷರಗಳು ಮಾಸಿದ್ದವು. ಶಾಲು ಪೆಟ್ಟಿಗೆಯಲ್ಲಿದೆ, ಉಡಲು ಮನಸ್ಸಾಗಲಿಲ್ಲ ಎಂದರು. ಮಾತಿನ ನಡುವೆ ತಿಳಿದುಬಂದದ್ದು ಇಷ್ಟು: ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಲ್ಲಿ, ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕು. ಹೋದ ತಿಂಗಳು ಅವರು ಅದಕ್ಕಾಗಿ ಒಬ್ಬರೇ ಎರಡು ಸಲ ಆಟೋ ಹಿಡಿದು ಹೋಗಿಬಂದಿದ್ದರು. ಮೊದಲ ಸಲ ಬೆರಳಿನ ಗುರುತು ಸರಿಯಾಗಿ ಮೂಡಲಿಲ್ಲವಂತೆ.

"ಹತ್ತಿರದಲ್ಲಿ ಯಾರಾದರೂ ಇದ್ದಿದ್ದರೆ ಜೊತೆಗೆ ಕರೆಯುತ್ತಿದ್ದೆ," ಎಂದರು. ದೂರಲಿಕ್ಕಲ್ಲ, ಸಹಜವಾಗಿ ಹೇಳಿದ ಮಾತು. ನನ್ನ ಮನೆಗೂ ಅವರ ಮನೆಗೂ ಇನ್ನೂರು ಹೆಜ್ಜೆಯಿದೆ.

ಹೊಸ ವರ್ಷದ ದಿನಚರಿ ಪುಸ್ತಕವನ್ನು ಆ ವಾರವೇ ಕೊಂಡೆ. ಅದರಲ್ಲಿ ನಾನು ಮೊದಲು ಬರೆದದ್ದು ನವೆಂಬರ್ 1ನೆಯ ತಾರೀಖಿನ ಪುಟದಲ್ಲಿ. ಬಾವುಟವನ್ನೂ ಅಲ್ಲಿಯೇ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದೇನೆ.