ಕನ್ನಡಿಯೂ ಕಣ್ಣಾಡಿಯೂ

ನಾವು ಸುರೂಪಿಗಳೆಂದು ನಮ್ಮ ಅಮ್ಮನ ಹೊರತು ಬೇರೆ ಯಾರೂ ಹೇಳಿದ್ದಿಲ್ಲ. ಹೇಳಲಿ ಎಂದು ಕಾದದ್ದು ಮಾತ್ರ ನಿಜ. ನಲವತ್ತು ದಾಟಿಯೂ ಕಾಯುತ್ತಿದ್ದೇವೆ ಎಂಬುದನ್ನು ಈ ಸಂಚಿಕೆಯ ಓದುಗರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಅಧ್ಯಾಪಕರ ಕೊಠಡಿಯ ಕನ್ನಡಿಯ ಮುಂದೆ ನಾವು ಎಷ್ಟು ಹೊತ್ತು ನಿಲ್ಲುತ್ತೇವೆಂಬುದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು.

ನಾವು ಹುಟ್ಟಿ ಬೆಳೆದದ್ದು ಸೇಲಂ ಜಿಲ್ಲೆಯ ನಂಗವಳ್ಳಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮನೆಯಲ್ಲಿದ್ದದ್ದು ಅಂಗೈಯಗಲದ ಒಂದು ಕನ್ನಡಿ. ಅದರಲ್ಲಿ ಮುಖವನ್ನು ಕಂತುಕಂತಾಗಿ ನೋಡಬೇಕಾಗಿತ್ತು: ಮೊದಲು ಹಣೆ, ಆಮೇಲೆ ಮೂಗು, ಪುರುಸೊತ್ತಿದ್ದರೆ ಗಲ್ಲ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕೆಟ್ಟದ್ದಾಗಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಕಂಡದ್ದು ಕ್ಷೌರದಂಗಡಿಯ ದೊಡ್ಡ ಕನ್ನಡಿಯಲ್ಲಿ. ಪದಗಳೆಲ್ಲ ಶುದ್ಧವಾಗಿದ್ದೂ ವಾಕ್ಯ ಕೆಡಬಹುದೆಂಬ ವ್ಯಾಕರಣ ಸೂಕ್ಷ್ಮ ನಮಗೆ ಮೊದಲು ಹೊಳೆದದ್ದು ಅಲ್ಲಿಯೇ. ಆಳನ್ನು ಪೂರ್ತಿ ತೋರಿಸಲು ಆಳಿನ ಅರ್ಧದಷ್ಟು ಎತ್ತರದ ಕನ್ನಡಿ ಸಾಕೆಂದು ವಿಜ್ಞಾನದ ಪಾಠದಲ್ಲಿದೆ. ಅಂಥದೊಂದು ನಮ್ಮ ಮನೆಗೆ ಬಾರದಿದ್ದದ್ದು ಅಪ್ಪನ ಬಡತನವೋ ದೂರದೃಷ್ಟಿಯೋ, ಈಗಲೂ ತೀರ್ಮಾನವಾಗಿಲ್ಲ.

ತಮಿಳಿನಲ್ಲಿ ಮುಖ ನೋಡುವ ಕನ್ನಡಿಗೂ ಮೂಗಿನ ಮೇಲೇರುವ ಕನ್ನಡಕಕ್ಕೂ ಒಂದೇ ಮಾತು, ಕಣ್ಣಾಡಿ. ಬರಿಯ ಗಾಜಿಗೂ ಅದೇ. ನಮ್ಮ ಭಾಷೆ ಮೂರಕ್ಕೂ ಬೇರೆಬೇರೆ ಹೆಸರಿಟ್ಟಿದೆ ಎಂದು ತರಗತಿಯಲ್ಲಿ ಬಹಳ ವರ್ಷ ಎದೆಯುಬ್ಬಿಸಿ ಹೇಳಿದ್ದೇವೆ. ನಲವತ್ತಾದ ಮೇಲೆ ತಮಿಳೇ ಸರಿಯೆನ್ನಿಸಿತು. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು.

ಆ ವಯಸ್ಸಿನಲ್ಲಿ ಕಣ್ಣಿನ ಮಸೂರ ಪೆಡಸಾಗಿ ಹತ್ತಿರದ್ದು ಮಸುಕಾಗುತ್ತದೆ. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು; ಅದರಿಂದ ನಮ್ಮ 'ಚಾಳೀಸು'. ನಮಗದು ಬಂದದ್ದೇ ತಿಳಿಯಲಿಲ್ಲ. ಏಕೆಂದರೆ ಬಂದಂದಿನಿಂದ ನಮ್ಮ ಮುಖ ದಿನೇ ದಿನೇ ಚೆಲುವಾಗುತ್ತಿತ್ತು! ಕಣ್ಣ ಕೆಳಗಿನ ಗೆರೆ ಮಾಯ, ಮೀಸೆಯ ನರೆ ಮಾಯ. ಈ ಊರಿನ ನೀರಿನ ಗುಣವೆಂದುಕೊಂಡೆವು. ಅದೇ ಹುರುಪಿನಲ್ಲಿ ಮಕ್ಕಳನ್ನು ಬೇಲೂರಿಗೆ ಕರೆದೊಯ್ದೆವು. ದರ್ಪಣಸುಂದರಿಯ ಕೆಳಗೆ ನಿಂತು, "1117ರಲ್ಲಿ ಪ್ರತಿಷ್ಠೆಯಾದ ಗುಡಿ. ಈಕೆ ಇನ್ನೂ ಕನ್ನಡಿ ಕೆಳಗಿಟ್ಟಿಲ್ಲ" ಎಂದೆವು. "ನಮ್ಮ ಮೇಷ್ಟ್ರ ಹಾಗೆ" ಎಂದು ಹಿಂದಿನಿಂದ ಒಂದು ದನಿ ಬಂತು. ತಿರುಗಿ ನೋಡಿದರೆ ಎಲ್ಲರೂ ಶಿಲಾಬಾಲಿಕೆಯರಂತೆ ನಿಂತಿದ್ದರು. ಆಕೆಯ ಕಾಲದಲ್ಲಿ ಉಜ್ಜಿದ ಲೋಹವೇ ಕನ್ನಡಿ. ಗಾಜಿಗೆ ಬೆಳ್ಳಿ ಲೇಪಿಸುವ ಉಪಾಯವನ್ನು ಜರ್ಮನಿಯ ಲೀಬಿಗ್ ಕಂಡುಕೊಂಡದ್ದು 1835ರಲ್ಲಿ. ಪುಣ್ಯವಂತೆ.

ಉತ್ತರಪತ್ರಿಕೆಯೊಂದರಲ್ಲಿ 36ನ್ನು 86 ಎಂದು ಓದಿದ ಮೇಲೆ ಕನ್ನಡಕ ಬಂತು. ಧರಿಸಿ ಕನ್ನಡಿಯ ಮುಂದೆ ನಿಂತರೆ ಯಾರೋ ಹಿರಿಯರು. ಗಾಬರಿಯಿಂದ ಒಂದಡಿ ಹಿಂದೆ ಸರಿದೆವು. ಬಿಂಬವೂ ನಿಯಮದಂತೆ ಒಂದಡಿ ಹಿಂದೆ ಸರಿಯಿತು. ಅದಕ್ಕೂ ನಮ್ಮನ್ನು ಕಂಡು ಅಷ್ಟೇ ಗಾಬರಿಯಾಗಿರಬೇಕು.

ಇತ್ತ ನಂಗವಳ್ಳಿಯಲ್ಲಿ ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ರಜೆಗೆ ಹೋದಾಗಲೆಲ್ಲ ನಮ್ಮ ಗಲ್ಲ ಸವರಿ, "ನನ್ ಮಗ ಲಕ್ಷಣವಾಗಿದಾನೆ" ಎನ್ನುತ್ತಿದ್ದಳು. ನಾವು ಆಕ್ಷೇಪಿಸುತ್ತಿರಲಿಲ್ಲ. ಕಡೆಗೆ ಒಂದು ಬೇಸಗೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿ, ಮರುದಿನ ಪಟ್ಟಿ ಬಿಚ್ಚಿಸಿ ಮನೆಗೆ ಕರೆತಂದೆವು. ಹೊರಡುವಾಗ ಹಳೆಯ ಅಭ್ಯಾಸದಂತೆ ತಡವಿಕೊಂಡೇ ಕುಂಕುಮ ಇಟ್ಟುಕೊಂಡಿದ್ದಳು. ಜಗುಲಿಯ ಬೆಳಕಿನಲ್ಲಿ ನಮ್ಮನ್ನು ಬಹಳ ಹೊತ್ತು ನೋಡಿ, "ತಲೇಲಿ ಕೂದಲೆಲ್ಲೋ?" ಎಂದಳು. ಮನೆಮಂದಿಯೆಲ್ಲ ನಕ್ಕರು, ನಾವೂ ನಕ್ಕೆವು. ಆಮೇಲೆ ಕನ್ನಡಿ ಕೇಳಿದಳು.

ಅದೇ ಅಂಗೈಯಗಲದ್ದು, ಅಂಚಿನಲ್ಲಿ ಲೇಪ ಹೋಗಿತ್ತು. ಮೊದಲ ಕಂತಿನಲ್ಲಿ ಹಣೆ ಕಂಡಿತು.

"ಬೊಟ್ಟು ವಾರೆಯಾಗಿದೆಯಲ್ಲೋ. ದಿನಾ ಹಿಂಗೇ ಇತ್ತಾ?"

ಯಾರೂ ಮಾತಾಡಲಿಲ್ಲ. ಮೂರು ವರ್ಷದಿಂದ ಹಾಗೆಯೇ ಇತ್ತು. ಮದುವೆಮನೆಗಳಿಗೆ, ಸಂತೆಗೆ, ಸೋಮೇಶ್ವರನ ಗುಡಿಗೆ ಹಾಗೆಯೇ ಹೋಗಿ ಬಂದಿದ್ದಳು. ನೆಟ್ಟಗೆ ಬೈತಲೆ ತೆಗೆಯದೆ ಹೊರಗೆ ಕಾಲಿಡದವಳು.

"ಒಬ್ರೂ ಹೇಳ್ಲಿಲ್ವಲ್ಲ. ನಿಂಗೂ ಕಾಣ್ಲಿಲ್ವಾ?"

ಚಾಳೀಸಿನ ನೆಪ ಹೇಳಬಹುದಿತ್ತು. ಆದರೆ ಚಾಳೀಸಿನವರಿಗೆ ಮಾರು ದೂರದ್ದು ಚೆನ್ನಾಗಿಯೇ ಕಾಣುತ್ತದೆ. ಕಂಡಿತ್ತು. ಪ್ರತಿ ಸಲವೂ, ಬೀಳ್ಕೊಡಲು ಬಾಗಿಲಲ್ಲಿ ನಿಂತಾಗ ಕಂಡಿತ್ತು. ಬಸ್ಸಿಗೆ ಹೊತ್ತಾಗುತ್ತಿತ್ತು, ಹತ್ತಿ ಕುಳಿತ ಮೇಲೆ ಕಿಟಕಿಯ ಗಾಜಿನಲ್ಲಿ ನಮ್ಮ ಕ್ರಾಪು ನೋಡಿಕೊಳ್ಳುವುದಿತ್ತು.

"ಕಾಣ್ತಿತ್ತಮ್ಮ" ಎಂದೆವು.

ಅಮ್ಮ ಏನೂ ಅನ್ನಲಿಲ್ಲ. ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡಳು. ಭರಣಿ ತೆರೆದು, ಕನ್ನಡಿಯನ್ನು ನಮ್ಮ ಕೈಗಿತ್ತಳು.

"ನೆಟ್ಟಗೆ ಹಿಡ್ಕೋ. ನಿನ್ ಕಡೆ ತಿರುಗಿಸ್ಕೋಬೇಡ."