ಗೋಪುರದ ಲೆಕ್ಕ, ಎಂಜಿನ್ನಿನ ಲೆಕ್ಕ



ಈ ಸಲ ನಾವು ಬರೆಯುತ್ತಿರುವುದನ್ನು ಸಾಕ್ಷಿ ಅನ್ನಬಹುದು, ತಪ್ಪೊಪ್ಪಿಗೆ ಅಂತಲೂ ಅನ್ನಬಹುದು.

ಕಳೆದ ಕ್ರಿಸ್‌ಮಸ್ ಮುಗಿದ ವಾರ ಉದಗೀರದ ನಮ್ಮ ಯೌವನಸ್ಥರ ಕೂಟದ ಒಬ್ಬ ತಮ್ಮ ನಿಲಂಗಾ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಭುಜದ ಎಲುಬು ಮುರಿದುಕೊಂಡ. ನಾಯಿ ಅಡ್ಡ ಬಂತು ಎಂದು ನಾವು ಅವನ ಮನೆಯಲ್ಲೂ ಸಭೆಯಲ್ಲೂ ಹೇಳಿದೆವು. ಸಭೆಯವರು ಪ್ರಾರ್ಥನೆ ಮಾಡಿದರು. ಆದರೆ ಅಲ್ಲಿ ಯಾವ ನಾಯಿಯೂ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡು ಬೈಕುಗಳ ರೇಸ್ ಇಟ್ಟಿದ್ದೆವು. ನಾವು ಏಳು ಮಂದಿ ರಸ್ತೆ ಬದಿ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದೆವು.

ರೇಸಿಗಾಗಿ ಅವನು ತಾನೇ ಬೈಕಿನ ಹೆಡ್ ಬಿಚ್ಚಿ, ಲೇಥ್‌ನಲ್ಲಿ ಸವೆಸಿ ಕಂಪ್ರೆಷನ್ ಏರಿಸಿದ್ದ. ಹಾಕಿದ್ದು ಮಾತ್ರ ದಿನದ ಪೆಟ್ರೋಲು. ಎಣ್ಣೆ ಎಷ್ಟಿದೆ ಎಂದು ಯಾರೂ ನೋಡಿರಲಿಲ್ಲ. ಓಟದ ನಡುವೆ ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ನಿಂತುಬಿಟ್ಟಿತು.

ಆರು ವಾರ ಮನೆಯಲ್ಲಿ ಕೂತವನು ಅಮೆರಿಕದ ಡ್ರ್ಯಾಗ್ ರೇಸ್ ವಿಡಿಯೋಗಳನ್ನು ನೋಡಿದ. ಎರಡು ಕಾರು, ಒಂದು ನೇರ ರಸ್ತೆ, ಕಾಲು ಮೈಲು ಎಂದರೆ 402 ಮೀಟರ್. ಮೊದಲು ಮುಟ್ಟಿದವನು ಗೆದ್ದ. ಒಂದು ನೋಟ್‌ಬುಕ್ ತರಿಸಿಕೊಂಡು ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ: ಬಿಗ್ ಬ್ಲಾಕ್, 1000 ಹಾರ್ಸ್‌ಪವರ್. ನೋಡಲು ಹೋದ ನಾವು ನಕ್ಕೆವು. ನಗದೇ ಇದ್ದವರು ನಮ್ಮ ಸಭೆಯ ಕಾಕಾ ಒಬ್ಬರೇ. ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಕಟ್ಟುವವರು. ನೋಟ್‌ಬುಕ್ ಪೂರ್ತಿ ತಿರುವಿ ಕೇಳಿದರು: “ತಮ್ಮಾ, ಇದರಾಗ ಎಣ್ಣಿ ಎಲ್ಲಿ ಬರ್ದಿ?”

ಎಣ್ಣೆಯ ಮಾತು ಒಂದು ಸಾಲೂ ಇರಲಿಲ್ಲ. “ಶನಿವಾರ ಗ್ಯಾರೇಜಿಗೆ ಬರ್ರಿ, ಎಲ್ಲಾರೂ. ಎಂಜಿನ್ ಕಟ್ಟೋಣು. ಕಾಗದದ ಮ್ಯಾಗ,” ಎಂದರು.

ಹೀಗೆ ನಾಲ್ಕು ಶನಿವಾರ ಕೂತೆವು. ಬಿಗ್ ಬ್ಲಾಕ್ ಎಂದರೆ ಅಮೆರಿಕದ ಕಾರುಗಳ ದೊಡ್ಡ ವಿ-8 ಎಂಜಿನ್. ಶೆವ್ರೊಲೆ ಕಂಪನಿ 1965ರಲ್ಲಿ 396 ಘನ ಅಂಗುಲದ್ದನ್ನು ತಂದಿತು, 1970ರ ಹೊತ್ತಿಗೆ ಅದು 454 ಆಯಿತು. 454 ಎಂದರೆ 7.4 ಲೀಟರ್, ನಮ್ಮ ತಮ್ಮನ ಬೈಕಿನಂಥ 150 ಸಿಸಿ ಎಂಜಿನ್ನುಗಳು ಸುಮಾರು ಐವತ್ತು ಸೇರಿದರೆ ಎಷ್ಟೋ ಅಷ್ಟು. ಇಷ್ಟು ದೊಡ್ಡದು ಯಾಕೆ ಎಂದು ಕೇಳಿದೆವು. ಸಣ್ಣ ಎಂಜಿನ್ ಶಕ್ತಿ ಕೊಡಬೇಕಾದರೆ ಬಹಳ ಜೋರಾಗಿ ತಿರುಗಬೇಕು, ದೊಡ್ಡದು ಅದೇ ಶಕ್ತಿಯನ್ನು ನಿಧಾನವಾಗಿ ತಿರುಗಿಯೇ ಕೊಡುತ್ತದೆ. “ನಮ್ಮ ದೇವಣಿ ಎತ್ತು ನೋಡೀರಿಲ್ಲ? ಗಡಿಬಿಡಿ ಇಲ್ಲ, ಬಂಡಿ ಮಾತ್ರ ಮುಂದ ಹೋಗ್ತದ,” ಎಂದರು ಕಾಕಾ.

ಮೊದಲ ಶನಿವಾರ ಅವರು ಮೊದಲ ಪುಟದ 1000ವನ್ನು ಹೊಡೆದು ಹಾಕಿದರು. ಎಷ್ಟು ಶಕ್ತಿ ಬೇಕು ಎನ್ನುವುದಕ್ಕಿಂತ ಮುಂಚೆ ಎಷ್ಟು ಓಟ ಓಡಿಸಬೇಕು, ಎಷ್ಟಕ್ಕೆ ತಿರುಗಿಸಬೇಕು ಎಂದು ಬರೆಯಿರಿ ಎಂದರು. ನಾವು ಲೆಕ್ಕ ಹಾಕಿದೆವು. 454ರಲ್ಲಿ ಪಿಸ್ಟನ್ ಓಡಾಡುವ ದೂರ 4 ಅಂಗುಲ. ನಿಮಿಷಕ್ಕೆ 6500 ಸುತ್ತು ತಿರುಗಿದರೆ ಪ್ರತಿ ಪಿಸ್ಟನ್ ನಿಮಿಷಕ್ಕೆ 13,000 ಸಲ ನಿಂತು ಹಿಂದಿರುಗಬೇಕು. ಸುತ್ತು ಏರಿದ ಹಾಗೆ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ವರ್ಗದ ಲೆಕ್ಕದಲ್ಲಿ ಏರುತ್ತದೆ. 6000ದಿಂದ 7500ಕ್ಕೆ ಹೋದರೆ ಸುತ್ತು ಕಾಲು ಭಾಗ ಹೆಚ್ಚು, ಎಳೆತ ಒಂದೂವರೆ ಪಟ್ಟಿಗೂ ಮೇಲೆ. ಆ ಎಳೆತವನ್ನೆಲ್ಲ ಹಿಡಿಯುವುದು ಒಂದೊಂದು ರಾಡಿಗೆ ಎರಡೇ ಬೋಲ್ಟು. ಹಾಗಾಗಿ ನಮ್ಮ ಪಟ್ಟಿಯ ಮೊದಲ ಖರ್ಚು ಒಳ್ಳೆಯ ರಾಡು, ಒಳ್ಳೆಯ ಬೋಲ್ಟು, ಸರಿಯಾಗಿ ಬ್ಯಾಲೆನ್ಸ್ ಮಾಡಿಸಿದ ಕ್ರ್ಯಾಂಕ್ ಆಯಿತು. ಇವು ಯಾವುವೂ ಹೊರಗೆ ಕಾಣುವುದಿಲ್ಲ, ವಿಡಿಯೋದಲ್ಲಿ ಬರುವುದಿಲ್ಲ.

ಎರಡನೆಯ ಶನಿವಾರ ಪೂರ್ತಿ ಎಣ್ಣೆಯದು. ಕ್ರ್ಯಾಂಕ್‌ಗೂ ಬೇರಿಂಗಿಗೂ ನಡುವೆ ಬಿಡುವ ಸಂದಿಗೆ ಹಳೆಯ ಲೆಕ್ಕ ಒಂದಿದೆ: ಕ್ರ್ಯಾಂಕ್ ಜರ್ನಲ್ ಎಷ್ಟು ಅಂಗುಲ ದಪ್ಪವೋ ಅಷ್ಟು ಸಾವಿರಾಂಶ ಅಂಗುಲ. ಈ ಎಂಜಿನ್ನಿಗೆ ಅದು ಸುಮಾರು 0.07 ಮಿಲಿಮೀಟರ್, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಆ ಕೂದಲಿನಷ್ಟು ಜಾಗದಲ್ಲಿ ನಿಂತ ಎಣ್ಣೆಯ ಮೇಲೆಯೇ ಇಡೀ ಎಂಜಿನ್ ತಿರುಗುತ್ತದೆ. ಪ್ರತಿ ಸಾವಿರ ಸುತ್ತಿಗೆ 10 ಪಿಎಸ್‌ಐ ಎಣ್ಣೆ ಒತ್ತಡ ಇರಲಿ ಎನ್ನುವುದು ಕಟ್ಟುವವರ ಇನ್ನೊಂದು ಲೆಕ್ಕ. ಡ್ರ್ಯಾಗ್ ಕಾರಿಗೆ ಮತ್ತೊಂದು ತೊಂದರೆ ಇದೆ. ಕಾರು ಮುಂದಕ್ಕೆ ಜಿಗಿದಾಗ ಚೇಂಬರಿನ ಎಣ್ಣೆಯೆಲ್ಲ ಹಿಂದಕ್ಕೆ ಓಡುತ್ತದೆ. ಎಣ್ಣೆ ಹೀರುವ ಕೊಳವೆ ಅಲ್ಲಿ ಇಲ್ಲದಿದ್ದರೆ ಬರೀ ಗಾಳಿ ಹೀರುತ್ತದೆ. ಆದ್ದರಿಂದ ಚೇಂಬರ್ ಆಳವಿರಬೇಕು, ಒಳಗೆ ಅಡ್ಡ ತಗಡು ಇರಬೇಕು.

ಅವತ್ತೇ ಕಾಕಾ ಒಂದು ಟ್ರ್ಯಾಕ್ಟರ್ ಬ್ಲಾಕ್ ತೊಳೆಯುತ್ತಿದ್ದರು. ಬೋರಿಂಗ್ ಆಗಿ ಬಂದ ಬ್ಲಾಕು ನಮ್ಮ ಕಣ್ಣಿಗೆ ಥಳಥಳ ಹೊಳೆಯುತ್ತಿತ್ತು. ಅವರು ಬಿಸಿನೀರು, ಸೋಪು, ಉದ್ದ ಬ್ರಷ್ ಹಿಡಿದು ಎಣ್ಣೆ ಹರಿಯುವ ತೂತುಗಳನ್ನು ಒಂದೊಂದಾಗಿ ಉಜ್ಜಿದರು. ಬಿಳಿ ಬಟ್ಟೆ ತೂರಿಸಿ ಹೊರಗೆ ಎಳೆದರೆ ಸಣ್ಣ ಲೋಹದ ಚೂರುಗಳು ಮಿಣಮಿಣ ಎಂದವು. “ಇದೊಂದು ಒಳಗ ಉಳದ್ರ ಸಾಕು. ಮೊದಲನೇ ದಿವಸನೇ ಬೇರಿಂಗ್ ತಿಂತದ. ಹೊರಗ ಎಷ್ಟ್ ಪೇಂಟ್ ಬಳದ್ರೂ ಅಷ್ಟೇ.” ಯಾರೂ ಮಾತಾಡಲಿಲ್ಲ. ನಮಗೆ ಆ ನಾಯಿ ನೆನಪಾಯಿತು.

ಮೂರನೆಯ ಶನಿವಾರ ಬೆಂಕಿಯ ವಿಷಯ. ಕಂಪ್ರೆಷನ್ ಏರಿಸಿದಷ್ಟೂ ಶಕ್ತಿ ಏರುತ್ತದೆ, ಆದರೆ ಪೆಟ್ರೋಲಿನ ಆಕ್ಟೇನ್ ಸಾಲದಿದ್ದರೆ ಉರಿಯುತ್ತಿರುವ ಬೆಂಕಿ ಮುಟ್ಟುವ ಮೊದಲೇ ಉಳಿದ ಗಾಳಿ-ಪೆಟ್ರೋಲು ತಾನಾಗಿ ಸಿಡಿದು ಪಿಸ್ಟನ್ನನ್ನು ಸುತ್ತಿಗೆಯಂತೆ ಬಡಿಯುತ್ತದೆ. ಇಂಡಿಯನ್ ಆಯಿಲ್ 2020ರಿಂದ 100 ಆಕ್ಟೇನ್ ಪೆಟ್ರೋಲನ್ನು ಕೆಲವು ಊರುಗಳಲ್ಲಿ ಮಾರುತ್ತದೆ. ಬಂಕಿನಲ್ಲಿ ದಿನಾ ಸಿಗುವ ಪೆಟ್ರೋಲಿಗೆ ತಕ್ಕಂತೆ ಕಂಪ್ರೆಷನ್ ಇಡುವವನೇ ಬುದ್ಧಿವಂತ. ಕಾಕಾ ಡಬ್ಬಿಯಿಂದ ನಮ್ಮ ತಮ್ಮನ ಬೈಕಿನ ಪಿಸ್ಟನ್ ತೆಗೆದು ಅವನ ಕೈಗಿಟ್ಟರು. ಅಂಚು ಇಲಿ ಕಡಿದ ಹಾಗೆ ಇತ್ತು, ಪಕ್ಕದಲ್ಲಿ ಉದ್ದುದ್ದ ಗೀರು. ಅವನು ಬಹಳ ಹೊತ್ತು ನೋಡಿದ.

ಕೊನೆಯ ಶನಿವಾರ ಸುರಕ್ಷೆ, ಜಾಗ, ಹಣ. ಡಾನ್ ಗಾರ್ಲಿಟ್ಸ್ ಎಂಬ ಅಮೆರಿಕದ ಪ್ರಸಿದ್ಧ ರೇಸರ್ ಕತೆಯನ್ನು ನಮ್ಮ ತಮ್ಮನೇ ಓದಿ ತಂದಿದ್ದ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಅವರ ಕಾರಿನ ಗೇರ್‌ಬಾಕ್ಸ್ ಸಿಡಿದು ಬಲಗಾಲಿನ ಮುಂಭಾಗ ಹೋಯಿತು. ಆಗಿನ ಕಾರುಗಳಲ್ಲಿ ಎಂಜಿನ್ ಮುಂದೆ, ಚಾಲಕ ಅದರ ಹಿಂದೆ. ಗಾರ್ಲಿಟ್ಸ್ ಎಂಜಿನ್ನನ್ನೇ ಚಾಲಕನ ಹಿಂದಕ್ಕೆ ತಂದು ಹೊಸ ಕಾರು ಕಟ್ಟಿದರು, 1971ರಲ್ಲಿ ಗೆದ್ದರು. ಆಮೇಲೆ ಎಲ್ಲರೂ ಹಾಗೇ ಕಟ್ಟಲು ಶುರು ಮಾಡಿದರು. ಕಾಲು ಹೋಯಿತಲ್ಲ ಎಂದು ಅಳುತ್ತಾ ಕೂರಲಿಲ್ಲ, ಏನೂ ಆಗಿಲ್ಲ ಎಂದು ಹಳೆಯ ಕಾರನ್ನೇ ಹತ್ತಲೂ ಇಲ್ಲ.

ಆ ಲಯನ್ಸ್ ಸ್ಟ್ರಿಪ್ 1955ರಲ್ಲಿ ಶುರುವಾದದ್ದೇ ಹುಡುಗರ ರೇಸನ್ನು ಊರ ರಸ್ತೆಯಿಂದ ಆಚೆ ಒಯ್ಯುವುದಕ್ಕಾಗಿ. ನಮ್ಮ ದೇಶದಲ್ಲೂ ಜಾಗ ಇದೆ. ಹಿಂದೆ ಚೆನ್ನೈ ಹತ್ತಿರದ ಶೋಳಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ರೇಸು ನಡೆಯುತ್ತಿತ್ತು. ಈಗ ಚೆನ್ನೈನ ಟ್ರ್ಯಾಕಿನಲ್ಲಿ ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ಆಗುತ್ತದೆ, ಬೆಂಗಳೂರಿನ ಹೇಮಂತ್ ಮುದ್ದಪ್ಪ ಅದನ್ನು ಹಲವು ಸಲ ಗೆದ್ದಿದ್ದಾರೆ. ಅಲ್ಲಿ ಹೆಲ್ಮೆಟ್, ಸೂಟು, ತಪಾಸಣೆ, ಆಂಬುಲೆನ್ಸ್ ಎಲ್ಲ ಇರುತ್ತದೆ. ನಿಲಂಗಾ ರಸ್ತೆಯಲ್ಲಿ ಇದ್ದದ್ದು ಏಳು ಮೊಬೈಲು.

ಕೊನೆಗೆ ಮೊತ್ತ ಕೂಡಿಸಿದೆವು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸುರಕ್ಷೆಯ ಸಾಮಾನು. ನಾಲ್ಕಾರು ಓಟಕ್ಕೊಮ್ಮೆ ವಾಲ್ವ್ ಸ್ಪ್ರಿಂಗ್ ಪರೀಕ್ಷೆ, ಸೀಸನ್ ಮುಗಿದ ಮೇಲೆ ಬಿಚ್ಚಿ ಬೇರಿಂಗ್ ಬದಲಾವಣೆ. ನಮ್ಮ ಎಂಟೂ ಮನೆಗಳ ಒಂದು ವರ್ಷದ ದುಡಿಮೆಗೂ ಅದು ಮೀರಿತ್ತು. ಕಾಕಾ ಲೂಕನ ಸುವಾರ್ತೆಯ 14ನೆಯ ಅಧ್ಯಾಯ ತೆಗೆದು ಓದಿಸಿದರು. ಗೋಪುರ ಕಟ್ಟಬೇಕೆನ್ನುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಸ್ವಾಮಿ ಕೇಳಿದ ಸಾಮ್ಯ. ಇದನ್ನು ಸಂಡೇ ಸ್ಕೂಲಿನಿಂದ ಕೇಳುತ್ತಾ ಬಂದಿದ್ದೇವೆ. ಕೂತು ಲೆಕ್ಕ ಹಾಕಿದ್ದು ಇದೇ ಮೊದಲು. ಅಲ್ಲಿ ಸ್ವಾಮಿ ಹೇಳುತ್ತಿದ್ದದ್ದು ತನ್ನನ್ನು ಹಿಂಬಾಲಿಸುವವರ ವಿಷಯ. ನಂಬಿಗಸ್ತ ಎಂಜಿನ್ ಹೇಗೋ ನಂಬಿಗಸ್ತ ಮನುಷ್ಯನೂ ಹಾಗೆಯೇ, ಕಾಣದ ಕಡೆಯಿಂದಲೇ ಕಟ್ಟಿಕೊಂಡು ಬರಬೇಕು.

ಮರುದಿನ ಆರಾಧನೆ ಮುಗಿದ ಮೇಲೆ ನಾವು ಏಳೂ ಮಂದಿ ಅವನ ತಾಯಿಯ ಮುಂದೆ ನಿಂತು ನಿಜ ಹೇಳಿದೆವು. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, “ನಾಯಿ ಇರಲಿಲ್ಲಂತ ನಂಗ ಅವತ್ತೇ ಗೊತ್ತಿತ್ರೋ. ನೀವ್ ಯಾವಾಗ ಹೇಳ್ತೀರಿ ಅಂತ ಕುಂತಿದ್ದೆ,” ಎಂದರು. ಪಾಸ್ಟರ್ ಬೈಯಲಿಲ್ಲ, ಬೈದಿದ್ದರೆ ಹಗುರ ಆಗುತ್ತಿತ್ತು. ವಿಡಿಯೋಗಳನ್ನು ಅಲ್ಲಿಯೇ ಅಳಿಸಿದೆವು. ಆಸ್ಪತ್ರೆಯ ಖರ್ಚಿನಲ್ಲಿ ನಮ್ಮ ಪಾಲನ್ನು ತಿಂಗಳಿಗಿಷ್ಟು ಎಂದು ಕೊಡುತ್ತಿದ್ದೇವೆ, ಇನ್ನೂ ಮುಗಿದಿಲ್ಲ.

ನಮ್ಮ ತಮ್ಮ ಈಗ ಶನಿವಾರಗಳಲ್ಲಿ ಕಾಕಾನ ಗ್ಯಾರೇಜಿನಲ್ಲಿ ಬ್ಲಾಕ್ ತೊಳೆಯುತ್ತಾನೆ. ಬಿಗ್ ಬ್ಲಾಕಿನ ನೋಟ್‌ಬುಕ್ ಅಲ್ಲೇ ಮೊಳೆಗೆ ನೇತಾಡುತ್ತಿದೆ. ಒಂದು ದಿನ ಕಟ್ಟುತ್ತೇನೆ ಎನ್ನುತ್ತಾನೆ. ಕಟ್ಟಲಿ. ಈಗ ಅದರ ಮೊದಲ ಪುಟದಲ್ಲಿ ಎಣ್ಣೆ ಎಂದು ಬರೆದಿದೆ.

ಓದುವ ತಮ್ಮ ತಂಗಿಯರೇ, ನಿಮ್ಮ ಸ್ನೇಹಿತ ರಾತ್ರಿ ರಸ್ತೆಗೆ ಹೊರಟರೆ ಮೊಬೈಲ್ ತೆಗೆಯಬೇಡಿ, ಬೈಕಿನ ಕೀ ಕಸಿದುಕೊಳ್ಳಿ. ನಮ್ಮೊಳಗೆ ಉಳಿದ ಚೂರುಗಳನ್ನು ಕರ್ತನು ತೊಳೆಯಲಿ ಎಂದು ನಮಗಾಗಿ ಪ್ರಾರ್ಥಿಸಿರಿ. ಆಮೆನ್.