ಗೋಡೆ ಎಷ್ಟೆತ್ತರ, ಗಡಿ ಎಲ್ಲಿ?

ಪರವೂರಿಗೆ ಬಂದ ನಮ್ಮಲ್ಲಿ ಹೆಚ್ಚಿನವರಿಗೆ ಬೇಲಿಯ ಗೊಡವೆ ಇಲ್ಲ. ಫ್ಲ್ಯಾಟಿನಲ್ಲಿ ಗೋಡೆಯೇ ಗಡಿ. ಕೆಳಗಿನ ಕಾಂಪೌಂಡು ಸೊಸೈಟಿಯವರ ತಲೆನೋವು. ಆದರೆ ಊರಂಚಿನಲ್ಲಿ ಸಣ್ಣದೊಂದು ಪ್ಲಾಟು ಕೊಂಡು ಮನೆ ಕಟ್ಟಿಸಿದವರು, ಕಟ್ಟಿಸಬೇಕೆಂದಿರುವವರು ಈಗ ನಮ್ಮಲ್ಲೂ ಕಡಿಮೆ ಇಲ್ಲ. ಹೋದ ಮಳೆಗಾಲದಲ್ಲಿ ಪುಣೆಯ ನಮ್ಮ ಮನೆಯ ಕಾಂಪೌಂಡು ಬಿತ್ತು. ಅದನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ತಿಳಿದ ಸಂಗತಿಗಳನ್ನು ಅಂಥವರಿಗಾಗಿ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಬೇಲಿ ಎಂದರೆ ವರ್ಷಕ್ಕೊಮ್ಮೆ ಗೂಟ ಹುಗಿದು, ಮುಳ್ಳು ಹೊರೆ ಹೊತ್ತು ತಂದು ಕಟ್ಟುವ ಕೆಲಸ. ಮನುಷ್ಯರು ದಾಟಲು ದಣಪೆ, ಗಾಡಿ ಬಂದರೆ ಸರಿಸಲು ಉಣಗೋಲು. ದನ ನುಗ್ಗಬಾರದು, ಜನ ಬರಬಾರದೆಂದೇನಿಲ್ಲ. ಎತ್ತರ ಎಷ್ಟಿರಬೇಕೆಂದು ಯಾರೂ ಅಳೆದವರಲ್ಲ. ಎಮ್ಮೆ ಹಾರದಿದ್ದರೆ ಸಾಕು.

ಪುಣೆಯಲ್ಲಿ ಮಾತು ಬೇರೆ. ನಮ್ಮ ಓಣಿಯ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಹೊರಗಿನಿಂದ ಐದು ಅಡಿ ಇದ್ದ ಗೋಡೆ ನಾಲ್ಕಕ್ಕೆ ಇಳಿದಿತ್ತು. ರಸ್ತೆಯ ನೀರೆಲ್ಲ ಗೋಡೆಯ ಬುಡಕ್ಕೇ ಬಂದು ನಿಂತು ಪಾಯ ಸಡಿಲಾಯಿತು. ಅದೇ ಹೊತ್ತಿಗೆ ಹಿಂದಿನ ಓಣಿಯಲ್ಲಿ ಕಳ್ಳತನವೂ ಆಯಿತು. ನಮ್ಮವರು ಏಳು ಅಡಿ ಗೋಡೆಯೇ ಬೇಕೆಂದು ಹಟ ಹಿಡಿದರು. ಕಾಂಟ್ರ್ಯಾಕ್ಟರನೂ ಸೇರಿಕೊಂಡ: "ಎಲ್ಲರೂ ಕಟ್ಟುತ್ತಾರೆ ಸಾಹೇಬ್ರೆ, ಯಾರು ಟೇಪು ಹಿಡಿದು ಬರುತ್ತಾರೆ?"

ಟೇಪು ಹಿಡಿದು ಯಾರೂ ಬರಲಿಕ್ಕಿಲ್ಲ. ಆದರೆ ಪಕ್ಕದವರು ಒಂದು ಅರ್ಜಿ ಕೊಟ್ಟರೆ ಬರುತ್ತಾರೆ. ಅದಕ್ಕೇ ನಾನು ನಿಯಮ ಓದಲು ಕುಳಿತೆ. ಮುಂಬೈ ಮಹಾನಗರ ಮುಂತಾದ ಕೆಲವು ಪ್ರದೇಶ ಬಿಟ್ಟು ಮಹಾರಾಷ್ಟ್ರದ ಉಳಿದ ಊರುಗಳಿಗೆ 2020ರ ಡಿಸೆಂಬರಿನಿಂದ ಒಂದೇ ಏಕೀಕೃತ ಕಟ್ಟಡ ನಿಯಮಾವಳಿ ಇದೆ. ಅದರ ಪ್ರಕಾರ ರಸ್ತೆ ಕಡೆಯ ಕಾಂಪೌಂಡು ಗೋಡೆ 1.5 ಮೀಟರ್, ಅಂದರೆ ಸುಮಾರು ಐದು ಅಡಿ ಮೀರಬಾರದು. ಅಳತೆ ನಮ್ಮ ಅಂಗಳದಿಂದಲ್ಲ, ಎದುರಿನ ರಸ್ತೆಯ ನಡುಗೆರೆಯ ಮಟ್ಟದಿಂದ. 2.4 ಮೀಟರ್‌ವರೆಗೂ ಏರಿಸಬಹುದು, ಆದರೆ ಮೇಲಿನ 0.9 ಮೀಟರ್ ಜಾಲರಿಯಂತೆ ಆಚೆ ಈಚೆ ಕಾಣುವಂತಿರಬೇಕು. ಗೇಟು ಪೂರ್ತಿ ಒಳಗಡೆಗೇ ತೆರೆಯಬೇಕು, ರಸ್ತೆಗೆ ಚಾಚಬಾರದು.

ನಮ್ಮದು ಮೂಲೆ ಪ್ಲಾಟು. ಮೂಲೆಯವರಿಗೆ ಇನ್ನೊಂದು ನಿಯಮವಿದೆ. ಎರಡು ರಸ್ತೆ ಕೂಡುವಲ್ಲಿ ಎರಡೂ ಬದಿಗೆ 10 ಮೀಟರ್ ಉದ್ದಕ್ಕೆ ಇಟ್ಟಿಗೆ ಗೋಡೆ 0.75 ಮೀಟರ್ ಮಾತ್ರ, ಎಂದರೆ ಎರಡೂವರೆ ಅಡಿ. ಬೇಕಾದರೆ ಅದರ ಮೇಲೆ ಮತ್ತೆ ಅಷ್ಟೇ ಎತ್ತರದ ರೇಲಿಂಗು. ಇದನ್ನು ಓದಿ ಹೇಳಿದಾಗ ನಮ್ಮವರ ಮುಖ ಸಣ್ಣದಾಯಿತು. "ಕಳ್ಳರಿಗೆ ಕಾಲಿಡಲು ಮೆಟ್ಟಿಲು ಕಟ್ಟಿಕೊಟ್ಟ ಹಾಗೆ" ಅಂದರು. ಮಾರನೆಯ ಬೆಳಿಗ್ಗೆ ಶಾಲೆಯ ವ್ಯಾನು ಬರುವ ಹೊತ್ತಿಗೆ ಅವರನ್ನು ಆ ಮೂಲೆಯಲ್ಲಿ ನಿಲ್ಲಿಸಿದೆ. ಗೋಡೆ ಬಿದ್ದ ಜಾಗದಿಂದ ಅಡ್ಡರಸ್ತೆಯಲ್ಲಿ ಬರುವ ಸೈಕಲ್ಲಿನ ಹುಡುಗಿ ವ್ಯಾನಿನವನಿಗೆ ದೂರದಿಂದಲೇ ಕಂಡಳು. ಗೋಡೆ ಇದ್ದಾಗ ಅವರಿಬ್ಬರೂ ಹಾರ್ನಿನ ಮೇಲೆ ಭಾರ ಹಾಕಿ ತಿರುಗುತ್ತಿದ್ದರು. ನಮ್ಮವರು ಮತ್ತೆ ಏಳು ಅಡಿಯ ಮಾತೆತ್ತಲಿಲ್ಲ. ರೇಲಿಂಗಿಗೆ ಶಂಖಪುಷ್ಪದ ಬಳ್ಳಿ ಹಬ್ಬಿಸುವ ಆಸೆ ನನಗಿತ್ತು. ಬಳ್ಳಿ ದಟ್ಟವಾದರೆ ಅದೂ ಗೋಡೆಯೇ ತಾನೆ? ಬಳ್ಳಿಗೆ ಹಿತ್ತಲು ತೋರಿಸಿದೆ.

ಎತ್ತರದ ಮಾತು ಹೀಗೆ ಬಗೆಹರಿಯಿತು. ಕಷ್ಟದ್ದು ಗಡಿ. ಗೋಡೆ ಕಟ್ಟುವ ಮೊದಲು ಮೋಜಣಿ ಮಾಡಿಸಿ ಎಂದು ಪರಿಚಯದ ವಕೀಲರು ಹೇಳಿದರು. ನಮ್ಮ ಕಡೆ ಹದ್ದುಬಸ್ತು ಅನ್ನುತ್ತೇವಲ್ಲ, ಅದೇ. ತಾಲೂಕಿನ ಭೂ ಅಭಿಲೇಖ ಕಚೇರಿಗೆ ಅರ್ಜಿ, ಶುಲ್ಕ, ಅಕ್ಕಪಕ್ಕದವರಿಗೆಲ್ಲ ನೋಟಿಸು, ಆಮೇಲೆ ಭೂಮಾಪಕ ಬಂದು ಅಳೆದು ಗುರುತು ಹಾಕುತ್ತಾನೆ. ಕೊನೆಗೆ ಕೈಗೆ ಬರುವ ನಕ್ಷೆಗೆ ಇಲ್ಲಿ 'ಕ ಪ್ರತ' ಅನ್ನುತ್ತಾರೆ. ಖರೀದಿ ಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಪ್ಲಾಟು ಎಂದಿದ್ದರೆ, ಆ ಪೂರ್ವ ಎಲ್ಲಿಂದ ಶುರು ಎನ್ನುವುದನ್ನು ಹೇಳುವುದು ಈ ನಕ್ಷೆ.

ನಮ್ಮ ಪೂರ್ವ ಒಂಬತ್ತು ಇಂಚು ಆಚೆ ಇತ್ತು. ಅಲ್ಲಿ ಪಕ್ಕದ ಮನೆಯ ಕಾಕಾ ಅವರ ಪಾರಿಜಾತ ನಿಂತಿತ್ತು, ಹೆಚ್ಚುಕಡಿಮೆ ಪೂರ್ತಿ ನಮ್ಮ ಜಾಗದಲ್ಲಿ. ಅದನ್ನು ನೆಟ್ಟದ್ದು ಕಾಕೂ. ಅವರು ತೀರಿಕೊಂಡು ಆರು ವರ್ಷವಾಯಿತು. ಮರಕ್ಕೆ ಇಪ್ಪತ್ತರ ಹತ್ತಿರ. ಭೂಮಾಪಕ ಸುಣ್ಣದ ಗೆರೆ ಎಳೆದ ದಿನ ಕಾಕಾ ಏನೂ ಮಾತಾಡದೆ ಒಳಗೆ ಹೋದರು. ಸಂಜೆಯ ವಾಕಿಂಗಿಗೂ ಬರಲಿಲ್ಲ. ಮಗಳ ಹೆರಿಗೆಯ ರಾತ್ರಿ ಅವರೇ ಕಾರು ತೆಗೆದಿದ್ದರು ಎನ್ನುವುದು ನೆನಪಾಗಿ ನನಗೆ ಊಟ ಸೇರಲಿಲ್ಲ.

ಹಾಗೆಂದು ಬಿಟ್ಟುಬಿಡುವುದೂ ಸುಲಭವಲ್ಲ. ಒಬ್ಬರ ಜಾಗವನ್ನು ಇನ್ನೊಬ್ಬರು ಮಾಲೀಕನ ಹಕ್ಕಿಗೆ ವಿರುದ್ಧವಾಗಿ, ಎಲ್ಲರಿಗೂ ಕಾಣುವಂತೆ, ಎಡೆಬಿಡದೆ 12 ವರ್ಷ ಇಟ್ಟುಕೊಂಡರೆ, ಅದನ್ನು ಮರಳಿ ಕೇಳುವ ಹಕ್ಕೇ ಹೋಗಬಹುದು. 1963ರ ಕಾಲಮಿತಿ ಕಾಯಿದೆ ಹೇಳುವುದು ಹಾಗೆ. ಇನ್ನು ಮರ ಕಡಿಯೋಣವೆಂದರೆ, ಮಹಾರಾಷ್ಟ್ರದ ಊರುಗಳಲ್ಲಿ ನಮ್ಮದೇ ಜಾಗದ ಮರಕ್ಕೂ 1975ರ ಕಾಯಿದೆಯಂತೆ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ದಾರಿ ತೋರಿಸಿದವರು ಮತ್ತೆ ವಕೀಲರೇ. ಒಪ್ಪಿಗೆ ಪಡೆದು ಇಟ್ಟುಕೊಂಡದ್ದು ವಿರುದ್ಧದ ಸ್ವಾಧೀನ ಆಗುವುದಿಲ್ಲ. ಹಾಗಾಗಿ ಒಪ್ಪಿಗೆಯನ್ನು ಕಾಗದದ ಮೇಲೆ ಬರೆಯಿರಿ ಎಂದರು.

ನಾನೂ ನಮ್ಮವರೂ ನಕ್ಷೆಯ ಪ್ರತಿ, ಎರಡು ಹಾಳೆ ಹಿಡಿದು ಕಾಕಾ ಮನೆಗೆ ಹೋದೆವು. ಗಡಿ ನಕ್ಷೆಯಂತೆ ಇಬ್ಬರಿಗೂ ಒಪ್ಪಿಗೆ. ಮರ ಇರುವಷ್ಟು ದಿನ ನಮ್ಮ ಅನುಮತಿಯಿಂದ ಅಲ್ಲೇ ಇರುತ್ತದೆ. ಗೋಡೆ ಅಲ್ಲಷ್ಟು ಒಳಗೆ ಬಳುಕುತ್ತದೆ, ಅದರಿಂದ ಯಾರ ಹಕ್ಕೂ ಬದಲಾಗುವುದಿಲ್ಲ. ಇಷ್ಟೇ ಬರೆದದ್ದು. ಕಾಕಾ ಎರಡು ಸಲ ಓದಿದರು. ಬೇರೆ ಊರಿನಲ್ಲಿರುವ ಮಗನಿಗೆ ಫೋನು ಮಾಡಿ ಓದಿ ಹೇಳಿದರು. ಸಹಿ ಹಾಕುತ್ತ, "ಹೂವು ಹೇಗೂ ನಿಮ್ಮ ಅಂಗಳಕ್ಕೇ ಬೀಳುತ್ತದೆ ಬೇಟಾ" ಅಂದರು. ಸತ್ಯಭಾಮೆ, ರುಕ್ಮಿಣಿಯರ ಕತೆ ಮರಾಠಿಯವರಿಗೂ ಗೊತ್ತು, ನಮಗೂ ಗೊತ್ತು. ಮೂವರೂ ನಕ್ಕೆವು.

ಕಟ್ಟಿಸುವವರಿಗೆ ನನ್ನದು ಮೂರೇ ಮಾತು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಿಮ್ಮ ಪಾಲಿಕೆಯದನ್ನೇ ಓದಿ, ಜತೆಗೆ ಲೇಔಟಿನ ಸೊಸೈಟಿಯದನ್ನೂ. ಇಟ್ಟಿಗೆ ತರಿಸುವ ಮೊದಲು ಮೋಜಣಿ ಮಾಡಿಸಿ. ಸರಕಾರದ ನೋಟಿಸು ಪಕ್ಕದ ಮನೆಗೆ ತಲುಪುವ ಮೊದಲು ನೀವೇ ಹೋಗಿ ಚಹಾ ಕುಡಿದು ವಿಷಯ ಹೇಳಿಬನ್ನಿ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಪರವೂರಿನಲ್ಲಿ ನಡುರಾತ್ರಿ ಕಾರು ತೆಗೆಯುವ ನೆರೆಯವರು ಮತ್ತೆ ಸಿಗುವುದು ಕಷ್ಟ.